ನಾಲ್ಕು ತಂತಿ ಸಾಕೇ, ಐದು ಬೇಕೇ?

ಹೊಸ ತಂಬೂರಿ ಮಾಡಿಸಲು ಮಿರಜಕ್ಕೆ ಹೋದವರು ಎರಡು ಪ್ರಶ್ನೆಗೆ ಉತ್ತರ ಇಟ್ಟುಕೊಂಡೇ ಹೋಗಬೇಕು. ಯಾವ ಪಟ್ಟಿಗೆ, ಅಂದರೆ ಯಾವ ಶ್ರುತಿಗೆ? ಎಷ್ಟು ತಂತಿ? ಮೊದಲನೆಯದಕ್ಕೆ ಉತ್ತರ ಅವರವರ ಗಂಟಲಿನಲ್ಲೇ ಇರುತ್ತದೆ. ಹಾರ್ಮೋನಿಯಮ್ಮಿನ ಕರಿ ಒಂದು, ಕರಿ ನಾಲ್ಕು ಎಂದು ಹೇಳಿದರೆ ಮುಗಿಯಿತು. ಎರಡನೆಯದರ ಮುಂದೆ ಬಹಳ ಮಂದಿ ತಡವರಿಸುತ್ತಾರೆ. ನಾಲ್ಕು ತಂತಿಯ ತಂಬೂರಿ ಎಲ್ಲರೂ ಕಂಡದ್ದೇ. ಆದರೆ ಐದರದೂ ಉಂಟು, ಆರರದೂ ಉಂಟು. ಹೆಚ್ಚಿನ ತಂತಿಗೆ ಏನು ಸ್ವರ ಕೂಡಿಸಬೇಕು, ಅದರಿಂದ ಹಾಡಿಗೆ ಲಾಭವೋ ಲುಕ್ಸಾನೋ ಎಂಬ ವಿಷಯದಲ್ಲಿ ಸಂಗೀತದವರಲ್ಲಿ ಒಮ್ಮತವಿಲ್ಲ. ಹಾನಗಲ್, ಶಿಗ್ಗಾಂವ, ಸವಣೂರ, ಹಿರೇಕೆರೂರ ಸೀಮೆಯಲ್ಲಂತೂ ಈ ಪ್ರಶ್ನೆಗೆ ಬೇರೆಯೇ ಬಣ್ಣ ಬರುತ್ತದೆ. ಒಂದೇ ತಂತಿಯಲ್ಲಿ ಬದುಕು ಕಳೆದ ಪದಗಾರರೂ ಇಲ್ಲಿಯವರೇ, ಜೋಡಿ ತಂಬೂರಿಯ ನಡುವೆ ಕೂತು ಹಾಡಿದ ಗಾಯಕರ ಬೇರೂ ಇಲ್ಲಿಯದೇ.

ಒಂದು ತಂತಿಯ ಕಡೆಯಿಂದಲೇ ಶುರು ಮಾಡೋಣ. ಶಿಗ್ಗಾಂವ ತಾಲ್ಲೂಕಿನ ಶಿಶುನಾಳದ ಷರೀಫರು (1819–1889) ಹಾಡಿದ ತತ್ವಪದಗಳನ್ನು ನಮ್ಮ ಭಜನಾ ಮಂಡಳಿಗಳು ಇಂದಿಗೂ ಏಕತಾರಿ, ತಾಳ, ದಿಮ್ಮಿನೊಂದಿಗೆ ಹಾಡುತ್ತವೆ. ಸ್ವರಜ್ಞಾನ ಇಲ್ಲದವನ ಕೈಯಲ್ಲಿನ ತಂಬೂರಿಯನ್ನು ಗದರಿಸುವ ಅವರ ಪದವೊಂದು ಈ ಭಾಗದಲ್ಲಿ ಕೂಲಿಗೆ ಹೋಗುವವರ ಬಾಯಲ್ಲೂ ಇದೆ. ಅಲ್ಲಿ ತಂಬೂರಿ ಅಂದರೆ ದೇಹವೂ ಹೌದು ಎಂದು ಅರ್ಥ ಬಿಡಿಸುವವರು ಬಿಡಿಸಲಿ. ವಾದ್ಯದ ಮಟ್ಟಿಗೆ ಅದರಲ್ಲೊಂದು ನೇರ ತಾಕೀತು ಇದ್ದೇ ಇದೆ: ಕೂಡಿಸಲು ಬಾರದಿದ್ದರೆ ಬಾರಿಸಬೇಡ.

ಏಕತಾರಿಯ ಪರ ವಾದ ಸರಳ. ಒಂದೇ ತಂತಿ, ಒಂದೇ ಷಡ್ಜ. ಪಂಚಮ ಇರುವ ಮಟ್ಟಿರಲಿ, ಇಲ್ಲದ ಮಟ್ಟಿರಲಿ, ಅದಕ್ಕೆ ಅಡ್ಡಿ ಇಲ್ಲ. ತೋರುಬೆರಳಿನಿಂದ ಮೀಟುತ್ತ ಆ ಮೀಟಿನಲ್ಲೇ ಲಯವನ್ನೂ ಹಿಡಿಯಬಹುದು. ನಾಲ್ಕು ತಂತಿಯ ತಂಬೂರಿಯಲ್ಲಿ ಹೀಗೆ ಮಾಡುವಂತಿಲ್ಲ. ಅದರ ಮೀಟು ಹಾಡಿನ ತಾಳಕ್ಕೆ ಅಂಟದೆ ತನ್ನ ಪಾಡಿಗೆ ಸಾಗಬೇಕು. ಹೆಚ್ಚು ತಂತಿಯ ಮಾತು ತೆಗೆದಾಗ ಭಜನೆಯ ಹಿರಿಯರೊಬ್ಬರು ನನ್ನನ್ನು ಕೇಳಿದ್ದು ಇದನ್ನೇ: ‘ಒಂದ ತಂತಿ ಮ್ಯಾಲ ಇಡೀ ರಾತ್ರಿ ಭಜನಿ ನಡೀತೈತ್ರಿ ಸರ. ಇನ್ನ ನಾಕ ತಂತಿ ಕಟ್ಟಿದ್ರ ಬೆಳಗ ಲಗೂನ ಆಕ್ಕೇತೇನ್ರಿ?’ ಅವರಿಗೆ ಕೊಡಲು ನನ್ನಲ್ಲಿ ತಕ್ಷಣದ ಉತ್ತರ ಇರಲಿಲ್ಲ. ಭಜನೆಯ ಮಟ್ಟಿಗೆ ಅವರ ಮಾತು ಸರಿಯೂ ಹೌದು.

ಇನ್ನೊಂದು ತುದಿಗೆ ಬರೋಣ. ಹಾನಗಲ್ಲಿನ ವಿರಕ್ತಮಠದ ಕುಮಾರ ಸ್ವಾಮಿಗಳು (1867–1930) ಆಸರೆ ಕೊಟ್ಟು ಬೆಳೆಸಿದ ಅಂಧ ಬಾಲಕನೇ ಮುಂದೆ ಗಾನಯೋಗಿ ಪಂಚಾಕ್ಷರಿ ಗವಾಯಿಗಳಾದರು (1892–1944). ಹುಟ್ಟಿದ್ದು ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಕರ್ನಾಟಕಿ, ಹಿಂದೂಸ್ತಾನಿ ಎರಡನ್ನೂ ಕಲಿತು, ಊರೂರು ತಿರುಗುವ ಪಾಠಶಾಲೆ ನಡೆಸಿದವರು ಅವರು. ಅವರ ಶಿಷ್ಯ, ಇದೇ ತಾಲ್ಲೂಕಿನಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳು (1914–2010) ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಆ ಪರಂಪರೆಯನ್ನು ಮುಂದುವರಿಸಿದರು. ಕಣ್ಣಿಲ್ಲದ ಮಕ್ಕಳು ಅಲ್ಲಿ ತಂಬೂರಿ ಕೂಡಿಸುವುದನ್ನು ಕಲಿತದ್ದು ಕಿವಿಯಿಂದ, ಬೆರಳ ತುದಿಯಿಂದ. ಮೊಬೈಲಿನ ಮುಳ್ಳು ನೋಡಿ ಶ್ರುತಿ ಸರಿಪಡಿಸುವ ಇಂದಿನ ಹುಡುಗರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ.

ಹಾನಗಲ್ ಎಂಬ ಹೆಸರನ್ನು ದೇಶಕ್ಕೆಲ್ಲ ಕೇಳಿಸಿದ ಗಂಗೂಬಾಯಿಯವರು (1913–2009) ಹುಟ್ಟಿದ್ದು ಧಾರವಾಡದಲ್ಲಿ. ಹಾನಗಲ್ ಮನೆತನದ ಊರು. ಶಿಗ್ಗಾಂವಕ್ಕೆ ಹತ್ತಿರದ ಕುಂದಗೋಳದಲ್ಲಿ ಸವಾಯಿ ಗಂಧರ್ವರಲ್ಲಿ ಕಲಿತರು. ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರು ನೆಲೆಸಿದ್ದು ತಂಬೂರಿ ಮಾಡುವ ಊರಾದ ಮಿರಜದಲ್ಲಿ. ಇವರೆಲ್ಲರ ಕಿರಾನಾ ಘರಾಣೆ ಒಂದೊಂದೇ ಸ್ವರವನ್ನು ಹಿಡಿದು ಬೆಳೆಸುವ ಗಾಯಕಿ. ಹಾಗೆ ಹಾಡುವವರಿಗೆ ತಂಬೂರಿ ಹಿನ್ನೆಲೆಯ ಸದ್ದಾಗಿ ಇದ್ದರೆ ಸಾಲದು, ಹಾಡಿನೊಳಗೇ ಇರಬೇಕು. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಗಂಗೂಬಾಯಿಯವರ ದನಿ ಗಂಡಸರ ಪಟ್ಟಿಗೆ ಇಳಿದದ್ದು ಎಲ್ಲರಿಗೂ ಗೊತ್ತು. ಹೆಣ್ಣು ತಂಬೂರಿ, ಗಂಡು ತಂಬೂರಿ ಎಂದು ಅಂಗಡಿಯಲ್ಲಿ ಮಾಡುವ ವಿಂಗಡಣೆ ಅಂಥ ದನಿಯ ಮುಂದೆ ನಿಲ್ಲುವುದಿಲ್ಲ. ತಂತಿಯ ದಪ್ಪ ಗೊತ್ತಾಗುವುದು ಪಟ್ಟಿಯಿಂದ. ಹಾಡುವವರು ಹೆಣ್ಣೋ ಗಂಡೋ ಎಂಬುದರಿಂದಲ್ಲ.

ಈಗ ನಾಲ್ಕು ತಂತಿಯ ಲೆಕ್ಕ. ಮೊದಲನೆಯದು ಮಂದ್ರ ಪಂಚಮ. ನಡುವಿನ ಎರಡು ಉಕ್ಕಿನ ತಂತಿಗಳು ಮಧ್ಯ ಷಡ್ಜ. ಇವನ್ನು ಜೋಡಿ ಅನ್ನುತ್ತಾರೆ. ಕೊನೆಯದು ದಪ್ಪ ಹಿತ್ತಾಳೆಯದೋ ಕಂಚಿನದೋ ತಂತಿ, ಖರ್ಜ, ಅಂದರೆ ಮಂದ್ರ ಷಡ್ಜ. ಮಧ್ಯದ ಬೆರಳು ಮೊದಲ ತಂತಿಯನ್ನು ಮೀಟುತ್ತದೆ, ತೋರುಬೆರಳು ಉಳಿದ ಮೂರನ್ನು. ಕರಿ ಒಂದರಲ್ಲಿ ಹಾಡುವ ಗಂಡಸಿಗೆ ಜೋಡಿ ಸೆಕೆಂಡಿಗೆ ಸುಮಾರು 138 ಕಂಪನಕ್ಕೆ ನಿಲ್ಲುತ್ತದೆ, ಖರ್ಜ 69ಕ್ಕೆ, ಪಂಚಮ 104ಕ್ಕೆ. ರಾಗದಲ್ಲಿ ಪಂಚಮ ಇಲ್ಲದಿದ್ದರೆ ಅಥವಾ ಅಲ್ಪವಾಗಿದ್ದರೆ ಮೊದಲ ತಂತಿಯನ್ನು ಮಧ್ಯಮಕ್ಕೆ ಇಳಿಸುವುದು ಅಥವಾ ನಿಷಾದಕ್ಕೆ ಏರಿಸುವುದು ರೂಢಿ. ಮಾಲಕಂಸ, ಬಾಗೇಶ್ರೀ, ಲಲಿತಕ್ಕೆ ಮಧ್ಯಮ. ಮಾರವಾ, ಪೂರಿಯಾಕ್ಕೆ ನಿಷಾದ.

ಐದನೇ ತಂತಿ ಬೇಕು ಎನ್ನುವವರ ಮೊದಲ ಕಾರಣ ಇಲ್ಲೇ ಹುಟ್ಟುತ್ತದೆ. ಒಂದೇ ತಂತಿಯನ್ನು ಹಾಡಿನಿಂದ ಹಾಡಿಗೆ ಏರಿಸಿ ಇಳಿಸಿ ಮಾಡಿದರೆ ತಂತಿಗೂ ಶಿಕ್ಷೆ, ಕೇಳುಗರಿಗೂ ಶಿಕ್ಷೆ. ತಂತಿಯ ಬಿಗಿತ ಕಂಪನದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಪಂಚಮದಲ್ಲಿದ್ದ ತಂತಿಯನ್ನು ನಿಷಾದಕ್ಕೆ ತಂದರೆ ಕಂಪನ ಕಾಲುಭಾಗ ಹೆಚ್ಚುತ್ತದೆ, ಬಿಗಿತ ಮಾತ್ರ ಶೇ. 56ರಷ್ಟು. ಮಧ್ಯಮಕ್ಕೆ ಇಳಿಸಿದರೆ ಬಿಗಿತ ಶೇ. 21ರಷ್ಟು ಸಡಿಲಾಗುತ್ತದೆ. ಪಂಚಮಕ್ಕೆ ಹದವಾದ ದಪ್ಪದ ತಂತಿ ನಿಷಾದದಲ್ಲಿ ಕಿರುಚುತ್ತದೆ, ಮಧ್ಯಮದಲ್ಲಿ ಜೋಲುತ್ತದೆ. ಅದರ ಜೊತೆಗೆ ಉಳಿದ ಮೂರೂ ಅಲ್ಲಾಡುತ್ತವೆ, ಏಕೆಂದರೆ ದಂಡಿ ಮತ್ತು ತಬಲಿಯ, ಅಂದರೆ ಬುರುಡೆ ಮುಚ್ಚುವ ಹಲಗೆಯ, ಮೇಲಿನ ಎಳೆತ ಬದಲಾಗಿರುತ್ತದೆ. ನಿಷಾದಕ್ಕೆಂದೇ ಬೇರೆ ದಪ್ಪದ ತಂತಿಯೊಂದು ಅದರದೇ ಬಿರಡೆಯಲ್ಲಿ ಸಿದ್ಧವಿದ್ದರೆ ಈ ರಗಳೆ ಇಲ್ಲ ಎನ್ನುವ ಅವರ ಮಾತಿಗೆ ತೂಕವಿದೆ.

ಎರಡನೇ ಕಾರಣ ನಾದದ್ದು. ತಂಬೂರಿಯ ತಂತಿ ಕೂಡಿಸಿದ ಸ್ವರವನ್ನಷ್ಟೇ ನುಡಿಯುವುದಿಲ್ಲ. ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು, ಐದು ಪಟ್ಟಿನ ಕಂಪನಗಳೂ ಜೊತೆಗೇ ಏಳುತ್ತವೆ. ಷಡ್ಜದ ಮೂರನೇ ಪಟ್ಟು ಪಂಚಮ, ಐದನೇ ಪಟ್ಟು ಶುದ್ಧ ಗಂಧಾರ. ಯಾರೂ ಕಟ್ಟದೆ ತಾನಾಗಿ ಹುಟ್ಟುವ ಈ ಗಂಧಾರವನ್ನು ಸ್ವಯಂಭೂ ಎಂದು ಕರೆದದ್ದು ಅದಕ್ಕೇ. ಪಂಚಮದ ತಂತಿಯ ಮೂರನೇ ಪಟ್ಟು ರಿಷಭ, ಐದನೆಯದು ನಿಷಾದ. ನಿಷಾದದ ತಂತಿಯನ್ನು ಕಟ್ಟಿದರೆ ಅದರ ಮೂರನೇ ಪಟ್ಟು ತೀವ್ರ ಮಧ್ಯಮ. ಯಮನ್ ಹಾಡುವವರು ಪಂಚಮ, ನಿಷಾದ ಎರಡನ್ನೂ ಕಟ್ಟಿದರೆ ರಾಗದ ಸ್ವರಗಳಲ್ಲಿ ಧೈವತ ಒಂದನ್ನು ಬಿಟ್ಟು ಉಳಿದವೆಲ್ಲ ತಂಬೂರಿಯೊಳಗೇ ಸಣ್ಣಗೆ ಓಡಾಡುತ್ತಿರುತ್ತವೆ. ಮಾರವಾದಂಥ ರಾಗದಲ್ಲಿ, ಷಡ್ಜದಿಂದ ದೂರವೇ ಸುತ್ತಾಡುವಾಗ, ಗಾಯಕನಿಗೆ ಆ ನಿಷಾದದ ತಂತಿ ಕೈಹಿಡಿದಷ್ಟು ಆಸರೆ.

ಇನ್ನು ನಾಲ್ಕೇ ಸಾಕು ಎನ್ನುವವರ ಉತ್ತರ. ಅವರು ಇದೇ ನಾದದ ಲೆಕ್ಕವನ್ನು ತಿರುಗಿಸಿ ನಿಲ್ಲಿಸುತ್ತಾರೆ. ಪಂಚಮದ ತಂತಿಯಲ್ಲೇ ನಿಷಾದ ಹುಟ್ಟುತ್ತಿದೆ ಎಂದ ಮೇಲೆ ಅದಕ್ಕೆ ಇನ್ನೊಂದು ತಂತಿ ಏಕೆ? ಜವಾರಿ, ಅಂದರೆ ತಂತಿ ಹಾಯುವ ಕುದುರೆಯ ಮೇಲ್ಮೈಯ ಹದ, ಸರಿಯಾಗಿ ತೆರೆದಿದ್ದರೆ ಅದು ತಾನೇ ಕೇಳುತ್ತದೆ. ಕೇಳದಿದ್ದರೆ ಐದನೇ ತಂತಿ ಕಟ್ಟುವ ಬದಲು ಜವಾರಿ ಮಾಡಿಸಿ, ಎನ್ನುತ್ತಾರೆ. ಕುದುರೆಯ ಮೇಲ್ಮೈ ಸಪಾಟವಾಗಿರದೆ ಬಹಳ ನಯವಾಗಿ ಬಾಗಿರುತ್ತದೆ. ತಂತಿ ಕಂಪಿಸುವಾಗ ಆ ಬಾಗನ್ನು ಮತ್ತೆ ಮತ್ತೆ ಸವರುತ್ತದೆ. ಅದರ ಕೆಳಗೆ ಸಿಕ್ಕಿಸಿದ ನೂಲಿನ ಎಳೆ, ಜೀವ, ಈ ಸವರುವಿಕೆಯನ್ನು ಹದಕ್ಕೆ ತರುತ್ತದೆ. ಸಿ. ವಿ. ರಾಮನ್ 1921ರಲ್ಲಿ ತಂಬೂರಿ ಮತ್ತು ವೀಣೆಯ ಕುದುರೆಯ ಬಗ್ಗೆ ಬರೆದದ್ದು ಈ ವಿಚಾರವನ್ನೇ. ಮೀಟಿದ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಕಂಪನಗಳು ತಂತಿಯಲ್ಲಿ ಹುಟ್ಟಲಾರವು ಎಂಬ ಹಳೆಯ ನಿಯಮ ಈ ವಾದ್ಯಗಳಲ್ಲಿ ನಿಲ್ಲುವುದಿಲ್ಲ ಎಂದು ಅವರು ತೋರಿಸಿದರು. ಬಾಗಿದ ಕುದುರೆ ಎಲ್ಲ ಪಟ್ಟುಗಳನ್ನೂ ಎಬ್ಬಿಸಿಬಿಡುತ್ತದೆ. ಸಂಪತ್ತು ಕುದುರೆಯಲ್ಲಿದೆ, ತಂತಿಯ ಎಣಿಕೆಯಲ್ಲಿಲ್ಲ ಎಂಬ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಆದರೆ ಇದೇ ಸಾಕ್ಷಿ ಅವರ ಇನ್ನೊಂದು ನಂಬಿಕೆಯನ್ನು ಕೆಡವುತ್ತದೆ. ಮಾಲಕಂಸಕ್ಕೆ ಮೊದಲ ತಂತಿಯನ್ನು ಮಧ್ಯಮಕ್ಕೆ ಇಳಿಸಿದೆವು, ಇನ್ನು ತಂಬೂರಿಯಲ್ಲಿ ವರ್ಜ್ಯ ಸ್ವರವೇ ಇಲ್ಲ ಎಂದು ಹೇಳುವವರಿದ್ದಾರೆ. ಷಡ್ಜದ ಮೂರು ತಂತಿಗಳೂ ಪಂಚಮವನ್ನೂ ಶುದ್ಧ ಗಂಧಾರವನ್ನೂ ನುಡಿಯುತ್ತಲೇ ಇರುತ್ತವೆ. ಮಧ್ಯಮದ ತಂತಿಯ ಐದನೇ ಪಟ್ಟು ಶುದ್ಧ ಧೈವತ. ಮಾಲಕಂಸಕ್ಕೆ ಬೇಕಾದದ್ದು ಕೋಮಲ. ಹಾಗಾಗಿ ರಾಗಕ್ಕೆ ಹೊರಗಿನ ಸ್ವರವನ್ನು ತಂಬೂರಿಯಿಂದ ಪೂರ್ತಿ ಹೊರಹಾಕುವುದು ಯಾರಿಂದಲೂ ಆಗದ ಕೆಲಸ. ಯಾವುದು ಮುಂದೆ ಕೇಳಬೇಕು, ಯಾವುದು ಹಿಂದೆ ಸರಿಯಬೇಕು ಎಂಬುದನ್ನಷ್ಟೇ ನಾವು ಹೇಳಬಹುದು. ಈ ಒಂದು ವಿಷಯ ಒಪ್ಪಿಕೊಂಡರೆ ಎರಡೂ ಪಕ್ಷದವರ ಅರ್ಧ ಜಗಳ ಕಡಿಮೆಯಾಗುತ್ತದೆ ಎಂದು ನನ್ನ ಎಣಿಕೆ.

ನಿಷಾದದ ತಂತಿಗೆ ಒಂದು ಒರಟುತನವೂ ಇದೆ, ಅದನ್ನು ಮುಚ್ಚಿಡಬಾರದು. ಕರಿ ಒಂದರಲ್ಲಿ ಷಡ್ಜ 138 ಆದರೆ ಅದರ ಕೆಳಗಿನ ನಿಷಾದ 130. ಇಷ್ಟು ಹತ್ತಿರದ ಎರಡು ಸ್ವರ ಒಟ್ಟಿಗೆ ನುಡಿದರೆ ಸೆಕೆಂಡಿಗೆ ಎಂಟೊಂಬತ್ತು ಸಲ ನಾದ ಏರಿ ಇಳಿಯುತ್ತದೆ. ಪಳಗಿದ ಕಿವಿಗೆ ಅದು ರುಚಿ, ಹೊಸಬರ ಕಿವಿಗೆ ಗಲಿಬಿಲಿ. ಜೋಡಿಯನ್ನು ಕೂಡಿಸುವುದನ್ನೇ ನೋಡಿ. ಎರಡು ಉಕ್ಕಿನ ತಂತಿಗಳನ್ನು ಒಂದರ ಹಿಂದೆ ಒಂದು ಮೀಟಿದಾಗ ಮೊದಲು ವಾಂವ್ ವಾಂವ್ ಎಂದು ಬೇಗಬೇಗ ತೆರೆ ಬರುತ್ತದೆ. ಬಿರಡೆಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ತೆರೆ ನಿಧಾನವಾಗುತ್ತದೆ. ಅಲ್ಲಿಂದ ಮುಂದೆ ಬಿರಡೆ ಒರಟು ಕೆಲಸಗಾರ; ತಬಲಿಯ ಮೇಲಿನ ಮಣಿಯನ್ನು ಹೆಬ್ಬೆರಳಿನಿಂದ ಕೆಳಕ್ಕೆ ನೂಕಬೇಕು. ತೆರೆ ಇನ್ನೂ ಉದ್ದವಾಗುತ್ತದೆ, ಆಮೇಲೆ ನಿಂತುಬಿಡುತ್ತದೆ, ಎರಡು ತಂತಿ ಒಂದೇ ಆಗುತ್ತದೆ. ಈಗ ಕುದುರೆಯ ಮೇಲಿನ ನೂಲಿನ ಎಳೆಯನ್ನು ಅಕ್ಕಿಕಾಳಿನ ಕಾಲುಭಾಗದಷ್ಟು ಹಿಂದಕ್ಕೋ ಮುಂದಕ್ಕೋ ಎಳೆದರೆ, ಅಷ್ಟು ಹೊತ್ತು ಮಂಕಾಗಿದ್ದ ತಂತಿ ಒಮ್ಮೆಲೇ ಬಾಯಿ ತೆರೆಯುತ್ತದೆ. ವಿದ್ಯಾರ್ಥಿ ಕಲಿಯಬೇಕಾದದ್ದು ಈ ತೆರೆ ನಿಲ್ಲಿಸುವುದನ್ನು. ಪಕ್ಕದಲ್ಲೇ ಎಂದೂ ನಿಲ್ಲದ ತೆರೆಯ ನಿಷಾದದ ತಂತಿಯೊಂದು ಇದ್ದರೆ ಯಾವ ತೆರೆ ತಪ್ಪು, ಯಾವುದು ಸಹಜ ಎಂದು ಅವನಿಗೆ ತಿಳಿಯುವುದು ಹೇಗೆ? ಮೊದಲ ವರ್ಷದ ಮಕ್ಕಳಿಗೆ ನಾಲ್ಕೇ ತಂತಿ ಇರಲಿ ಎಂದು ಶಿಕ್ಷಕರು ಹಟ ಹಿಡಿದರೆ ಅವರನ್ನು ಹಳೆಯ ಕಾಲದವರು ಎಂದು ತಳ್ಳಿಹಾಕಲಾಗದು.

ಐದರ ಪರದ ಶಿಕ್ಷಕರು ಬೇರೆ ಹೇಳುತ್ತಾರೆ. ಜವಾರಿ ಚೆನ್ನಾಗಿರುವ ತಂಬೂರಿ, ಸದ್ದಿಲ್ಲದ ಕೋಣೆ, ಪಳಗಿದ ಕಿವಿ ಈ ಮೂರೂ ಕೂಡಿದಾಗ ಮಾತ್ರ ಪಂಚಮದೊಳಗಿನ ನಿಷಾದ ಕೇಳುತ್ತದೆ. ತಾಲ್ಲೂಕು ಕೇಂದ್ರದ ಕಲ್ಯಾಣ ಮಂಟಪದಲ್ಲಿ, ಫ್ಯಾನು ತಿರುಗುತ್ತಿರುವಾಗ, ಹೊರಗೆ ಟ್ರ್ಯಾಕ್ಟರ್ ಹಾಯುತ್ತಿರುವಾಗ ಅದು ಎಲ್ಲಿ ಕೇಳಬೇಕು? ಅಲ್ಲಿ ಕಣ್ಣಿಗೆ ಕಾಣುವಂಥ ತಂತಿಯೇ ಬೇಕು. ಇದೂ ನಿಜವೇ. ನಾನು ಕೇಳಿದ ಎಷ್ಟೋ ಕಾರ್ಯಕ್ರಮಗಳಲ್ಲಿ ತಂಬೂರಿ ಇದ್ದದ್ದು ವೇದಿಕೆಯ ಶೋಭೆಗೆ. ಸದ್ದು ಬರುತ್ತಿದ್ದದ್ದು ಪಕ್ಕದ ವಿದ್ಯುತ್ ತಂಬೂರಿ ಪೆಟ್ಟಿಗೆಯಿಂದ.

ಈ ಸೀಮೆಯ ಮಟ್ಟಿಗೆ ಐದನೇ ತಂತಿಗೆ ದೊಡ್ಡ ಅಡ್ಡಿ ಬಡಗಿಯದ್ದೂ ಅಲ್ಲ, ಹಣದ್ದೂ ಅಲ್ಲ. ಪೇಟಿಯದ್ದು. ಸವಣೂರಿನ ಮಠದ ದಾಸರ ಪದಗಳ ಭಜನೆಯಾಗಲಿ, ಸರ್ವಜ್ಞನ ನೆಲವೆಂದು ಹೆಸರಾದ ಹಿರೇಕೆರೂರ ಕಡೆಯ ಅಬಲೂರಿನ ಸುತ್ತಿನ ಮಂಡಳಿಗಳಾಗಲಿ, ಹಾರ್ಮೋನಿಯಂ ಇಲ್ಲದೆ ಕೂಡುವುದು ಈಗ ಅಪರೂಪ. ಹಾರ್ಮೋನಿಯಮ್ಮಿನ ಸಪ್ತಕವನ್ನು ಹನ್ನೆರಡು ಸಮ ಪಾಲು ಮಾಡಿರುತ್ತಾರೆ. ಒಂದು ಪಾಲನ್ನು ನೂರು ಅಂಶ ಎಂದಿಟ್ಟುಕೊಂಡರೆ, ಅದರ ಪಂಚಮ ತಂಬೂರಿಯ ಪಂಚಮಕ್ಕಿಂತ ಎರಡೇ ಅಂಶ ಕಡಿಮೆ. ಯಾರ ಕಿವಿಗೂ ತಾಗದು. ಗಂಧಾರ ಮಾತ್ರ ತಂಬೂರಿಯ ಸ್ವಯಂಭೂ ಗಂಧಾರಕ್ಕಿಂತ 14 ಅಂಶ ಮೇಲೆ. ನಿಷಾದ 12 ಅಂಶ ಮೇಲೆ. ನಾಲ್ಕು ತಂತಿಯ ತಂಬೂರಿಯಲ್ಲಿ ನಾವು ಕೈಯಾರೆ ಕೂಡಿಸುವುದು ಷಡ್ಜ, ಪಂಚಮ ಎರಡೇ. ಆದ್ದರಿಂದ ಅದು ಪೇಟಿಯೊಂದಿಗೆ ಜಗಳವಾಡದೆ ಸಂಸಾರ ಮಾಡುತ್ತದೆ. ಐದನೆಯದಕ್ಕೆ ನಿಷಾದ ಕೂಡಿಸಿದಿರೋ, ಕೂಡಲೇ ಪ್ರಶ್ನೆ ಏಳುತ್ತದೆ: ಯಾವ ನಿಷಾದ? ಪೇಟಿಯದ್ದಕ್ಕೆ ಕೂಡಿಸಿದರೆ ಅದು ಪಂಚಮದೊಳಗಿನ ನಿಷಾದದೊಂದಿಗೆ ತಾಕಲಾಡುತ್ತದೆ. ತಂಬೂರಿಯದ್ದಕ್ಕೆ ಕೂಡಿಸಿದರೆ ಪೇಟಿ ಬಾರಿಸುವವನು ನಿಷಾದ ಒತ್ತಿದಾಗಲೆಲ್ಲ ಮುಖ ಸಿಂಡರಿಸಬೇಕಾಗುತ್ತದೆ. ಕೆಲವರು ಐದನೆಯದಕ್ಕೆ ಗಂಧಾರವನ್ನೇ ಕೂಡಿಸುತ್ತಾರೆ. ಪೇಟಿಯ ಜೊತೆ ಅದಂತೂ ಇನ್ನೂ ಕೆಟ್ಟದ್ದು. ಪೇಟಿ ಇಲ್ಲದೆ ಸಾರಂಗಿಯೊಂದಿಗೆ ಹಾಡುವವರಿಗೆ ಈ ತೊಡಕಿಲ್ಲ. ಅಂಥವರು ನಮ್ಮಲ್ಲಿ ಎಷ್ಟು ಮಂದಿ?

ಬಡಗಿಯ ವಿಷಯ ಬೇಗ ಮುಗಿಸುತ್ತೇನೆ. ನಾಲ್ಕು ತಂತಿಗೆಂದು ಮಾಡಿದ ತಂಬೂರಿಗೆ ಆಮೇಲೆ ಐದನೆಯದನ್ನು ಸೇರಿಸಬಾರದು. ದಂಡಿಗೆ ಹೊಸ ತೂತು ಕೊರೆಯಬೇಕು, ಮೇರುವಿನಲ್ಲಿ ಹೊಸ ಕಚ್ಚು ಕೊಯ್ಯಬೇಕು, ಕುದುರೆಯ ಮೇಲೆ ತಂತಿಗಳ ಅಂತರ ಹೊಸದಾಗಿ ಹಂಚಿ ಜವಾರಿ ಮೊದಲಿನಿಂದ ಮಾಡಬೇಕು. ತಬಲಿಯ ಮೇಲಿನ ಎಳೆತವೂ ಕಾಲುಭಾಗದಷ್ಟು ಏರುತ್ತದೆ. ಹಳೆಯ ತಂಬೂರಿ ಇದನ್ನು ತಾಳೀತೆಂದು ಯಾರೂ ಭರವಸೆ ಕೊಡಲಾರರು. ಐದು ಬಿರಡೆಯದನ್ನು ತಂದು ನಾಲ್ಕೇ ತಂತಿ ಕಟ್ಟುವುದಕ್ಕೆ ಮಾತ್ರ ಏನೂ ತೊಂದರೆ ಇಲ್ಲ. ಅಂಚಿನ ಒಂದು ಕಚ್ಚು ಖಾಲಿ ಉಳಿಯುತ್ತದೆ, ಅಷ್ಟೇ. ಆರು ತಂತಿಯ ವಿಷಯದಲ್ಲಿ ನನಗೆ ಅಷ್ಟು ಒಲವಿಲ್ಲ. ಮಧ್ಯದ ಬೆರಳು ಎರಡು, ತೋರುಬೆರಳು ನಾಲ್ಕು ತಂತಿ ಮೀಟುವಷ್ಟರಲ್ಲಿ ಸುತ್ತು ಉದ್ದವಾಗುತ್ತದೆ, ಖರ್ಜ ಬರುವುದು ತಡವಾಗುತ್ತದೆ. ತಂಬೂರಿಯ ನೆಲ ಅಂದರೆ ಆ ಖರ್ಜವೇ. ಅಷ್ಟು ಸ್ವರಗಳ ಮಳೆ ಬೇಕೆನ್ನುವವರು ಮಡಿಲಲ್ಲಿ ಸ್ವರಮಂಡಲ ಇಟ್ಟುಕೊಳ್ಳುವುದು ಲೇಸು; ಅದರ ತಂತಿಗಳನ್ನು ರಾಗಕ್ಕೆ ತಕ್ಕ ಹಾಗೆ ಕೂಡಿಸಿಕೊಳ್ಳಲೆಂದೇ ಮಾಡಿದ್ದಾರೆ.

ಹವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಾನಗಲ್ ಮಲೆನಾಡಿನ ಸೆರಗು. ಹಿರೇಕೆರೂರಿಗೂ ಅದರ ತಂಪು ತಾಗುತ್ತದೆ. ಸವಣೂರು, ಶಿಗ್ಗಾಂವದ ಎರೆಭೂಮಿ ಕಡೆ ಬೇಸಿಗೆ ಒಣಗಿ ನಿಲ್ಲುತ್ತದೆ. ಆಷಾಢ ಶ್ರಾವಣದಲ್ಲಿ ಹಾನಗಲ್ಲಿನ ಮನೆಯಲ್ಲಿ ಬಿರಡೆ ಉಬ್ಬಿ ತಿರುಗದಂತಾಗುತ್ತದೆ, ಉಕ್ಕಿನ ತಂತಿಗೆ ತುಕ್ಕು ಹಿಡಿಯುತ್ತದೆ. ಚೈತ್ರದ ಸವಣೂರಿನಲ್ಲಿ ಅದೇ ಬಿರಡೆ ಒಣಗಿ ಜಾರುತ್ತದೆ. ಸೀಮೆಸುಣ್ಣದ ಪುಡಿ ಸವರಿ ನಿಲ್ಲಿಸಬೇಕು. ತುಕ್ಕು ಹಿಡಿದ ತಂತಿ ಒಂದೇ ದಪ್ಪವಾಗಿ ಉಳಿಯುವುದಿಲ್ಲ, ಅದರ ಮೇಲಿನ ಪಟ್ಟುಗಳು ಸರಿಯಾಗಿ ಕೂಡುವುದಿಲ್ಲ. ಎಷ್ಟು ಸಲ ಮಣಿ ನೂಕಿದರೂ ಜೋಡಿ ಒಂದಾಗುವುದಿಲ್ಲ. ಹೆಚ್ಚು ತಂತಿ ಎಂದರೆ ಹೆಚ್ಚು ತುಕ್ಕು, ಹೆಚ್ಚು ಒರೆಸುವಿಕೆ, ಹೆಚ್ಚು ಬದಲಾವಣೆ. ನಮ್ಮ ಮಂಡಳಿಗಳಲ್ಲಿ ತಂತಿ ಹರಿಯುವವರೆಗೆ ಬದಲಾಯಿಸುವ ರೂಢಿಯೇ ಇಲ್ಲ. ನಾಲ್ಕನ್ನೇ ನೋಡಿಕೊಳ್ಳದವರು ಐದನ್ನು ನೋಡಿಕೊಂಡಾರೆಯೇ ಎಂದು ಯಾರಾದರೂ ಕೇಳಿದರೆ ನಾನು ತಲೆ ತಗ್ಗಿಸಬೇಕಾಗುತ್ತದೆ.

ಮೊದಲ ತಂತಿ ಉಕ್ಕಿನದಿರಬೇಕೋ ಹಿತ್ತಾಳೆಯದೋ ಎಂಬ ಇನ್ನೊಂದು ವಾದವಿದೆ. ಪಟ್ಟಿ ಎತ್ತರವಿದ್ದಲ್ಲಿ ಉಕ್ಕು, ತಗ್ಗಿದ್ದಲ್ಲಿ ಹಿತ್ತಾಳೆ ಅಥವಾ ಕಂಚು. ಹಿತ್ತಾಳೆಗೆ ದುಂಡು ನಾದ, ಉಕ್ಕಿಗೆ ಚೂಪು. ಅದು ರುಚಿಯ ಪ್ರಶ್ನೆ, ವಾದಕ್ಕೆ ಬೆಲೆಯಿಲ್ಲ.

ಈ ಎಲ್ಲ ಚರ್ಚೆಯ ನಡುವೆ ವಿದ್ಯುತ್ ಪೆಟ್ಟಿಗೆ ಬಂದು ಕೂತಿದೆ. ಬೆಂಗಳೂರಿನ ರಾಡೆಲ್ ಕಂಪನಿಯ ಪೆಟ್ಟಿಗೆಗಳು ಮನೆಮನೆಗೆ ಬಂದು ಎಷ್ಟೋ ವರ್ಷಗಳಾದವು; ಈಗ ಮೊಬೈಲಿನಲ್ಲೇ ತಂಬೂರಿ ನುಡಿಯುತ್ತದೆ. ಗುಂಡಿ ಒತ್ತಿದರೆ ಪಂಚಮ, ಇನ್ನೊಂದು ಒತ್ತಿದರೆ ಮಧ್ಯಮ, ಮತ್ತೊಂದಕ್ಕೆ ನಿಷಾದ. ಐದನೇ ತಂತಿಗೆ ಅಲ್ಲಿ ಬಡಗಿಯೂ ಬೇಡ, ಬಿರಡೆಯೂ ಬೇಡ. ಇದನ್ನು ಬಯ್ಯುವವರ ಸಾಲಿನಲ್ಲಿ ನಾನಿಲ್ಲ. ಐದು ತಂತಿ ತನಗೆ ಬೇಕೋ ಬೇಡವೋ ಎಂದು ತಿಳಿಯಲು ಇದಕ್ಕಿಂತ ಅಗ್ಗದ ದಾರಿ ಇಲ್ಲ. ಬೆಳಗಿನ ರಿಯಾಜಿಗೆ ನಾಲ್ಕು ವಾರ ನಿಷಾದ ಸೇರಿಸಿ, ಆಮೇಲೆ ನಾಲ್ಕು ವಾರ ತೆಗೆದು ಹಾಡಿದರೆ ಗಂಟಲೇ ಹೇಳುತ್ತದೆ. ಆದರೆ ಪೆಟ್ಟಿಗೆಯನ್ನೇ ನಂಬಿದವರಿಗೆ ತೆರೆ ನಿಲ್ಲಿಸುವ ಕಿವಿ ಬೆಳೆಯುವುದಿಲ್ಲ ಎಂಬುದನ್ನು ಮರೆಯಬಾರದು. ಅದು ತಾನೇ ಕೂಡಿಕೊಂಡು ಬಂದಿರುತ್ತದೆ.

ಇಷ್ಟು ತೂಗಿದ ಮೇಲೆ ನನ್ನ ತೀರ್ಮಾನ ಹೇಳಬೇಕು. ಭಜನಾ ಮಂಡಳಿಗೆ ಏಕತಾರಿ ಬಿಡಿಸಿ ಐದು ತಂತಿ ಕೊಡಿಸುವುದು ದಂಡ. ಪೇಟಿ ಇರುವಲ್ಲಿ ನಾಲ್ಕು ತಂತಿಗಿಂತ ಹೆಚ್ಚು ಬೇಡ. ಸಂಗೀತ ಪಾಠಶಾಲೆಗೆ ಹಣ ಕೂಡಿಸುವವರು ಆರು ತಂತಿಯದೊಂದನ್ನು ತರುವ ಬದಲು ನಾಲ್ಕು ತಂತಿಯವು ಎರಡು ತರಲಿ. ಒಂದನ್ನು ಪಂಚಮಕ್ಕೂ ಇನ್ನೊಂದನ್ನು ನಿಷಾದಕ್ಕೋ ಮಧ್ಯಮಕ್ಕೋ ಇಟ್ಟರೆ ಐದನೇ ತಂತಿಯ ಲಾಭವೆಲ್ಲ ಸಿಗುತ್ತದೆ, ಖರ್ಜವೂ ಎರಡಾಗುತ್ತದೆ, ಇಬ್ಬರು ಮಕ್ಕಳಿಗೆ ಮೀಟುವ ಕೆಲಸವೂ ಆಗುತ್ತದೆ. ದೊಡ್ಡ ಗಾಯಕರ ಬೆನ್ನ ಹಿಂದೆ ಜೋಡಿ ತಂಬೂರಿ ಕಾಣುವುದು ಬರೀ ಅಂದಕ್ಕಲ್ಲ. ಒಂಟಿಯಾಗಿ ರಿಯಾಜು ಮಾಡುವ, ಪೂರಿಯಾ ಮಾರವಾಗಳನ್ನು ಮನಸ್ಸಿಟ್ಟು ಹಾಡುವ ಒಬ್ಬರಿಗೆ ಮಾತ್ರ ಐದು ಬಿರಡೆಯ ತಂಬೂರಿ ಯೋಗ್ಯ. ಅವರೂ ಮೊದಲ ಒಂದೆರಡು ವರ್ಷ ಅದಕ್ಕೆ ನಾಲ್ಕೇ ತಂತಿ ಕಟ್ಟಿ, ಜೋಡಿಯನ್ನು ಕಣ್ಣು ಮುಚ್ಚಿ ಕೂಡಿಸಲು ಬಂದ ಮೇಲೆ ಐದನೆಯದನ್ನು ಏರಿಸುವುದು ಒಳ್ಳೆಯದು.

ಮಿರಜದ ಸಿತಾರ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಹಾವೇರಿಯಿಂದ ರೈಲು ಹತ್ತಿದರೆ ಹುಬ್ಬಳ್ಳಿ, ಬೆಳಗಾವಿ ದಾಟಿ ಅಲ್ಲಿಗೆ ಹೋಗಬಹುದು. ಹೋಗುವವರು ಫೋನಿನಲ್ಲಿ ಆರ್ಡರ್ ಕೊಟ್ಟು ಸುಮ್ಮನಿರಬೇಡಿ. ಅಂಗಡಿಯಲ್ಲಿ ಕೂತು ನಿಮ್ಮ ಪಟ್ಟಿಯಲ್ಲಿ ಒಂದಿಷ್ಟು ಹಾಡಿ ತೋರಿಸಿ, ಅದೇ ಪಟ್ಟಿಯಲ್ಲಿ ಜವಾರಿ ತೆರೆಯಿಸಿಕೊಳ್ಳಿ, ಬರುವಾಗ ಪ್ರತಿ ತಂತಿಯ ದಪ್ಪವನ್ನು ಚೀಟಿಯಲ್ಲಿ ಬರೆಸಿಕೊಂಡು ಒಂದು ಜೊತೆ ಹೆಚ್ಚಿನ ತಂತಿ ಕಟ್ಟಿಸಿಕೊಂಡು ಬನ್ನಿ. ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷ ಉಕ್ಕಿನ ತಂತಿಗಳನ್ನು ಬದಲಾಯಿಸಿ.